ಡಾಕ್ ಬಂಪರ್: ರಬ್ಬರ್ ಆಮೇಲೆ, ಮೊದಲು ಟೇಪು

ನೆಲಮಂಗಲ-ದಾಬಸ್‌ಪೇಟೆ ಕಡೆಯಾಗಲಿ ಹೊಸಕೋಟೆ ಕಡೆಯಾಗಲಿ, ಎರಡು ಮೂರು ಮಳೆಗಾಲ ಕಂಡ ಒಂದು ಗೋಡೌನಿನ ಡಾಕ್ ಕಟ್ಟೆಯನ್ನು, ಅಂದರೆ ಗಾಡಿ ಹಚ್ಚಿ ಸರಕು ಏರಿಸಿ ಇಳಿಸುವ ಕಟ್ಟೆಯನ್ನು, ಯಾರ್ಡಿನಲ್ಲಿ ನಿಂತು ನೋಡಿ. ಕಟ್ಟೆಯ ಅಂಚಿಗೆ ಕೂರಿಸಿದ ಕಬ್ಬಿಣದ ಆಂಗಲ್ ಒಳಕ್ಕೆ ಬಾಗಿರುತ್ತದೆ, ಒಂದು ಗೇಣು ಕೆಳಗೆ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತದೆ. ಅದರ ಪಕ್ಕದಲ್ಲೇ ಗಾಡಿಯ ಗುದ್ದು ತಡೆಯಲೆಂದು ಹಾಕಿದ ಕಪ್ಪು ರಬ್ಬರ್ ಬಂಪರ್ ಕೂತಿರುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದೆ. ಬಂಪರ್ ಕ್ಷೇಮ, ಕಟ್ಟೆ ಗಾಯ. ಅದನ್ನು ಹಾಕಿದ ಉದ್ದೇಶಕ್ಕೆ ಸರಿಯಾಗಿ ಉಲ್ಟಾ.

ಇಂಥ ಕಡೆ ರಬ್ಬರಿನ ಗುಣಮಟ್ಟವನ್ನು ಬೈದು ಉಪಯೋಗವಿಲ್ಲ. ಗಾಡಿ ಬಂಪರಿಗೆ ತಾಗಿಯೇ ಇಲ್ಲ. ಖರೀದಿ ವಿಭಾಗದವರು ಮೂರು ಕೊಟೇಶನ್ ತರಿಸಿ ದರ ಹೋಲಿಸುತ್ತಾರೆ, ಯಾರ್ಡಿಗೆ ಇಳಿದು ಗಾಡಿಯ ಬೆಡ್ (ಸರಕು ಕೂರುವ ತಳ) ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಮಾತ್ರ ಅಳೆಯುವುದಿಲ್ಲ. ಕೆಲಸ ಕೆಡುವುದು ಅಲ್ಲಿಂದಲೇ.

ನಮ್ಮಲ್ಲಿ ಡಾಕ್ ಕಟ್ಟೆ ಸಾಮಾನ್ಯವಾಗಿ 1200 ಮಿ.ಮೀ., ಅಂದರೆ ನಾಲ್ಕು ಅಡಿ ಎತ್ತರ. ಅದಕ್ಕೆ ಬಂದು ಹಚ್ಚುವ ಗಾಡಿಗಳು ಮಾತ್ರ ಒಂದೊಂದು ಎತ್ತರದವು. ಕ್ಯಾಂಟರ್ ಬೆಡ್ ಹೆಚ್ಚೂಕಮ್ಮಿ ಮೂರು ಅಡಿಗೆ ನಿಲ್ಲುತ್ತದೆ. ಟೆನ್ ವೀಲರ್, 32 ಅಡಿ ಕಂಟೇನರ್ ನಾಲ್ಕು ಅಡಿಯ ಆಸುಪಾಸು, ಕೆಲವು ಅದಕ್ಕೂ ಮೇಲೆ. ಚೋಟಾ ಹಾತಿ ಬಂದರಂತೂ ಕಟ್ಟೆ ಅದರ ಎದೆಯ ಮಟ್ಟಕ್ಕೆ. ಒಂದೇ ಗಾಡಿ ಲೋಡ್ ತುಂಬಿದಾಗ ಸ್ಪ್ರಿಂಗ್ ಪಟ್ಟಿಯ ಮೇಲೆ 50ರಿಂದ 100 ಮಿ.ಮೀ. ಕುಸಿದಿರುತ್ತದೆ, ಖಾಲಿಯಾಗುತ್ತಾ ಮೇಲಕ್ಕೇಳುತ್ತದೆ. ಈಗ 250 ಮಿ.ಮೀ. ಎತ್ತರದ ಬಂಪರನ್ನು ಕಟ್ಟೆ ಮಟ್ಟಕ್ಕಿಂತ 25 ಕೆಳಗೆ ಕೂರಿಸಿದಿರಿ ಅನ್ನಿ. ಅದು ಕಾಯುವುದು 925ರಿಂದ 1175ರ ತನಕ. ಲೋಡ್ ಆದ ಕ್ಯಾಂಟರಿನ ಬೆಡ್ಡಿನ ಹಿಂದಿನ ಕ್ರಾಸ್ ಮೆಂಬರ್ (ಅಡ್ಡ ತೊಲೆ) 875ರಲ್ಲಿ ಬಂದರೆ ಬಂಪರಿನ ಅಡಿಯಲ್ಲಿ ನುಸುಳಿ ನೇರ ಕಾಂಕ್ರೀಟಿಗೆ ಗುದ್ದುತ್ತದೆ. ಮೇಲೆ ಬಂಪರಿಗೆ ಏನಾದರೂ ತಾಗಿದರೆ ಅದು ಬಾಡಿಯ ತೆಳು ಪಿಲ್ಲರ್ರೋ ಬಾಗಿಲಿನ ಕೀಲೋ, ಅವೂ ನಜ್ಜುಗುಜ್ಜಾಗುತ್ತವೆ. ಖಾಲಿ ಗಾಡಿ 1300ರ ಮೇಲೆ ನಿಂತಿದ್ದರೆ ಇನ್ನೊಂದು ತಾಪತ್ರಯ: ಬೆಡ್ ಕಟ್ಟೆಯ ಮೇಲಕ್ಕೇ ಬಂದುಬಿಡುತ್ತದೆ, ಲೆವೆಲರಿನ (ಕಟ್ಟೆಗೂ ಬೆಡ್ಡಿಗೂ ನಡುವೆ ಹಾಸುವ ಸೇತುವೆಯ) ಲಿಪ್ಪು, ಅಂದರೆ ತುದಿಯ ಮಡಚುವ ಪ್ಲೇಟು, ಮತ್ತು ಡಾಕ್ ಶೆಲ್ಟರಿನ (ಬಾಗಿಲ ಸುತ್ತ ಮಳೆ ತಡೆಯುವ ಹೊದಿಕೆಯ) ಫ್ರೇಮು ಎರಡೂ ಅದರ ದಾರಿಯಲ್ಲೇ ಇರುತ್ತವೆ.

ಹಾಗಾಗಿ ಮೊದಲ ಕೆಲಸ, ಒಂದು ವಾರ ಗೇಟಿಗೆ ಬರುವ ಪ್ರತಿ ಗಾಡಿಯ ಬೆಡ್ ಎತ್ತರವನ್ನು ಲೋಡಿನಲ್ಲೊಮ್ಮೆ, ಖಾಲಿಯಲ್ಲೊಮ್ಮೆ ಅಳೆದು ಬರೆದುಕೊಳ್ಳುವುದು. ಬೆಡ್ಡಿನ ಮೇಲ್ಮಟ್ಟ, ಕ್ರಾಸ್ ಮೆಂಬರಿನ ತಳ, ಹಿಂಬದಿಯ ಅಗಲ, ಈ ಮೂರು ಅಂಕಿ ಸಾಕು. ಇವು ಕೈಯಲ್ಲಿದ್ದರೆ ಬಂಪರಿನ ಎತ್ತರ ತಾನಾಗಿಯೇ ತೀರ್ಮಾನವಾಗುತ್ತದೆ. ತರಹೇವಾರಿ ಗಾಡಿ ಬರುವ ಕಡೆ 250 ಎತ್ತರದ್ದು ಸಾಲದು, 500 ಮಿ.ಮೀ. ಎತ್ತರ, 250 ಅಗಲ, 100 ದಪ್ಪದ್ದನ್ನು ನಿಲ್ಲಿಸಿ ಹಾಕಬೇಕು. ಎತ್ತರದ ಟ್ರೇಲರ್‌ಗಳೇ ಹೆಚ್ಚಾಗಿ ಬರುವ ಬಾಗಿಲಿಗೆ ಉಕ್ಕಿನ ಬ್ರಾಕೆಟ್ ಕೊಟ್ಟು ಬಂಪರನ್ನು ಕಟ್ಟೆ ಮಟ್ಟಕ್ಕಿಂತ 75-100 ಮಿ.ಮೀ. ಮೇಲಕ್ಕೆ ಎತ್ತಬಹುದು. ಬಂಪರ್ ಲೆವೆಲರಿನ ಪಕ್ಕದಲ್ಲಿರುವುದರಿಂದ ಫೋರ್ಕ್‌ಲಿಫ್ಟಿಗೆ ಅಡ್ಡವಾಗುವುದಿಲ್ಲ.

ಅಗಲ ಅಳೆಯಲು ಹೇಳಿದ್ದಕ್ಕೂ ಕಾರಣವಿದೆ. ದೊಡ್ಡ ಗಾಡಿಗಳ ಮೈ 2.4-2.5 ಮೀಟರ್, ಲೆವೆಲರ್ ಸಾಮಾನ್ಯವಾಗಿ 1.8ರಿಂದ 2 ಮೀಟರ್. ಲೆವೆಲರಿನ ಎಡಬಲಕ್ಕೆ ಒಂದೊಂದು ಬಂಪರ್ ಹಾಕಿದರೆ ದೊಡ್ಡ ಗಾಡಿಯ ಎರಡು ಮೂಲೆಯೂ ಸರಿಯಾಗಿ ಅದರ ಮೇಲೆ ಕೂರುತ್ತವೆ. ಕಿರಿದಾದ ಗಾಡಿ ಎರಡು ಬಂಪರುಗಳ ನಡುವೆ ತೂರಿ, ನೇತಾಡುತ್ತಿರುವ ಲಿಪ್ಪಿಗೇ ಗುದ್ದುತ್ತದೆ. ಲಿಪ್ಪಿನ ಹಿಂಜ್ ಪಿನ್ನು ಬಗ್ಗಿದರೆ ಬಂಪರಿನ ಖರ್ಚಿನ ಎಷ್ಟೋ ಪಟ್ಟು ರಿಪೇರಿಗೆ ಹೋಗುತ್ತದೆ. ನಡುವೆ ಮೂರನೇ ಬಂಪರ್ ಹಾಕಲು ಲಿಪ್ ಬಿಡುವುದಿಲ್ಲ. ಸಣ್ಣ ಗಾಡಿಗೆ ಲೆವೆಲರ್ ಇಲ್ಲದ, ತಗ್ಗು ಕಟ್ಟೆಯ ಒಂದು ಬಾಗಿಲನ್ನೇ ಬೇರೆ ಇಡುವುದೊಂದೇ ನೆಟ್ಟಗಿನ ಉಪಾಯ.

ಇನ್ನು ಗುದ್ದಿನ ಲೆಕ್ಕ. 28 ಟನ್ ತೂಗುವ ಲೋಡ್ ಗಾಡಿ ಗಂಟೆಗೆ 3 ಕಿ.ಮೀ. ವೇಗದಲ್ಲಿ, ಅಂದರೆ ಅಜ್ಜ ವಾಕಿಂಗ್ ಹೋಗುವ ವೇಗದಲ್ಲಿ ಬಂದು ತಾಗಿದರೆ ಅದರ ಚಲನಶಕ್ತಿ ಸುಮಾರು 9,700 ಜೌಲ್. 50 ಕಿಲೋ ಸಿಮೆಂಟ್ ಚೀಲ 20 ಮೀಟರ್ ಮೇಲಿಂದ, ಅಂದರೆ ಆರನೇ ಮಹಡಿಯಿಂದ ಬಿದ್ದಷ್ಟು. ವೇಗ 6 ಕಿ.ಮೀ. ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 38,900 ಜೌಲ್. ಈ ಶಕ್ತಿ ಎಷ್ಟು ದೂರದಲ್ಲಿ ಕರಗುತ್ತದೆ ಅನ್ನುವುದರ ಮೇಲೆ ಕಟ್ಟೆಗೆ ಬೀಳುವ ಬಲ ನಿಂತಿದೆ. ಬರೀ ಕಾಂಕ್ರೀಟಿಗೆ ಗುದ್ದಿ 5 ಮಿ.ಮೀ.ನಲ್ಲಿ ನಿಂತರೆ, ಆ 3 ಕಿ.ಮೀ. ವೇಗಕ್ಕೇ ಸರಾಸರಿ 198 ಟನ್ ಬಲ. ರಬ್ಬರ್ 25 ಮಿ.ಮೀ. ಅದುಮಿಕೊಂಡು ನಿಲ್ಲಿಸಿದರೆ 40 ಟನ್, ಎರಡು ಬಂಪರಿಗೆ ಹಂಚಿದರೆ ತಲಾ 20. ಗಾಡಿಯ ಪಟ್ಟಿ, ಚಾಸಿ, ಒಳಗಿನ ಸರಕು ಒಂದಷ್ಟನ್ನು ತಾವೇ ನುಂಗುವುದರಿಂದ ನಿಜದಲ್ಲಿ ಇಷ್ಟು ಬರುವುದಿಲ್ಲ. ಆದರೆ ರಬ್ಬರ್ ಅದುಮಿದಷ್ಟೂ ಬಿಗಿಯಾಗುವ ವಸ್ತು, ಕೊನೆಯ ಕ್ಷಣದ ಬಲ ಸರಾಸರಿಯ ದುಪ್ಪಟ್ಟಾಗಬಹುದು. ಗಾಡಿ ಓರೆಯಾಗಿ ಬಂದರೆ ಪೂರ್ತಿ ಹೊರೆ ಒಂದೇ ಬಂಪರಿಗೆ. ಎಡಗಡೆ ಬಂಪರ್ ಮೂರು ಸಲ ಬದಲಾಗಿ ಬಲಗಡೆಯದು ಹಾಗೇ ಇದ್ದರೆ, ಯಾರ್ಡಿನಲ್ಲಿ ಗಾಡಿ ತಿರುಗಿಸಲು ಜಾಗ ಸಾಲುತ್ತಿಲ್ಲ ಅಂತ ಅರ್ಥ.

ಹಾಗಾದರೆ 200 ಮಿ.ಮೀ. ದಪ್ಪದ್ದನ್ನೇ ಹಾಕಿಬಿಡೋಣ ಅನ್ನುವವರಿಗೆ ಲೆವೆಲರಿನ ಲಿಪ್ ಅಡ್ಡ ಬರುತ್ತದೆ. ಲಿಪ್ ಗಾಡಿಯ ಬೆಡ್ ಮೇಲೆ ಕನಿಷ್ಠ 100 ಮಿ.ಮೀ. ಊರಿರಬೇಕು, ಯುರೋಪಿನ ಇಎನ್ 1398 ಮಾನದಂಡ ಹೇಳುವುದೂ ಅದನ್ನೇ. 400 ಮಿ.ಮೀ. ಲಿಪ್ ಇದ್ದು ಬಂಪರ್ 200 ಹೊರಚಾಚಿದರೆ, ಗಾಡಿಯ ಹಿಂಬದಿ ಫ್ರೇಮಿಗೆ 60, ಗಾಡಿ ಚೂರು ಮುಂದೆ ನಿಂತದ್ದಕ್ಕೆ 50, ಒಟ್ಟು 310 ಅಲ್ಲೇ ಹೋಯಿತು. ಉಳಿದದ್ದು 90. ಫೋರ್ಕ್‌ಲಿಫ್ಟ್ ಹತ್ತಿ ಇಳಿಯುವಾಗ ಗಾಡಿ ಇಂಚಿಂಚೇ ಮುಂದೆ ಸರಿಯುತ್ತದೆ, ಲಿಪ್ ಜಾರಿ ಬೀಳಲು ಅಷ್ಟು ಸಾಕು.

ಆದರೂ ಒಂದು ಸಂದರ್ಭದಲ್ಲಿ ದಪ್ಪ ಹೆಚ್ಚಿಸಲೇಬೇಕು: ಯಾರ್ಡ್ ಕಟ್ಟೆಯ ಕಡೆಗೆ ಇಳಿಜಾರಾಗಿದ್ದಾಗ. ಕಟ್ಟೆಗೆ ಎತ್ತರ ಸಿಗಲಿ ಅಂತ ಮುಂದಿನ ನೆಲವನ್ನು ತಗ್ಗಿಸಿದ ಗೋಡೌನ್‌ಗಳಲ್ಲಿ ಇದು ಮಾಮೂಲು. ಅಂಥಲ್ಲಿ ರಿವರ್ಸ್ ಬಂದ ಗಾಡಿಯ ಮೈಯೂ ಕಟ್ಟೆಯ ಕಡೆಗೆ ವಾಲುತ್ತದೆ. ಬೆಡ್ಡಿನಿಂದ ಮೇಲಕ್ಕೆ ಬಾಡಿ 2.6 ಮೀಟರ್ ಇದ್ದರೆ, ಶೇಕಡಾ 1ರ ಇಳಿಜಾರಿಗೆ ಬಾಡಿಯ ತಲೆ 26 ಮಿ.ಮೀ. ಮುಂದೆ ಬಾಗುತ್ತದೆ, ಶೇಕಡಾ 4ಕ್ಕೆ 104. ನಿಮ್ಮ ಬಂಪರಿನ ದಪ್ಪ 100. ಅಂದರೆ ಕೆಳಗೆ ಬಂಪರ್ ಮುಟ್ಟುವ ಮೊದಲೇ ಮೇಲೆ ಕಂಟೇನರಿನ ಮೂಲೆ ಗೋಡೆಯ ಶೀಟನ್ನೋ ಶಟರಿನ ಡಬ್ಬವನ್ನೋ ಹೊಡೆದಾಗಿರುತ್ತದೆ. ಡಾಕ್ ಬಾಗಿಲ ನೆತ್ತಿಯ ಎರಡೂ ಮೂಲೆಯಲ್ಲಿ ಶೀಟ್ ತಗ್ಗಾಗಿದ್ದರೆ ಡ್ರೈವರನ್ನು ಬೈಯುವ ಮೊದಲು ಇಳಿಜಾರು ಅಳೆಯಿರಿ. ಎರಡು ಮೀಟರಿನ ನೆಟ್ಟನೆಯ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ರಸಮಟ್ಟ. ಒಂದು ತುದಿ ನೆಲಕ್ಕೂರಿ ಮಟ್ಟಕ್ಕೆ ಹಿಡಿದಾಗ ಇನ್ನೊಂದು ತುದಿಯ ಕೆಳಗೆ 80 ಮಿ.ಮೀ. ಸಂದು ಬಂದರೆ ಅದು ಶೇಕಡಾ 4. ಪಟ್ಟಿಯನ್ನು ಹಿಡಿಯಬೇಕಾದ್ದು ಗಾಡಿಯ ಚಕ್ರಗಳು ನಿಲ್ಲುವ ಜಾಗದಲ್ಲಿ, ಕಟ್ಟೆಯ ಬುಡದ ಚರಂಡಿಯ ಹತ್ತಿರವಲ್ಲ. ಇಂಥಲ್ಲಿ ಬಂಪರಿನ ಹಿಂದೆ ಉಕ್ಕಿನ ಬಾಕ್ಸ್ ಕೊಟ್ಟು ಒಟ್ಟು ಚಾಚನ್ನು 200ಕ್ಕೆ ಒಯ್ಯಬೇಕು, ಜೊತೆಗೆ ಲೆವೆಲರನ್ನು 500ರ ಲಿಪ್ಪಿನದ್ದೇ ಕೇಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮೇಲಿನ ಲಿಪ್ಪಿನ ಲೆಕ್ಕಕ್ಕೇ ವಾಪಸ್ಸು.

ಈಗ ರಬ್ಬರಿಗೆ ಬರೋಣ. ಬಂಪರ್ ಸವೆಯುವುದು ಗುದ್ದಿನಿಂದ ಅಂತ ನಂಬಿಕೆ. ಫೋರ್ಕ್‌ಲಿಫ್ಟ್ ಓಡುವ ಡಾಕ್‌ಗಳಲ್ಲಿ ಅದನ್ನು ತಿನ್ನುವುದು ಉಜ್ಜಾಟ. ಮೂರೂವರೆ ಟನ್ ಫೋರ್ಕ್‌ಲಿಫ್ಟ್ ಒಂದು ಟನ್ ಪ್ಯಾಲೆಟ್ ಹೊತ್ತು ಗಾಡಿಯೊಳಗೆ ಹೊಕ್ಕಾಗ ಹಿಂಬದಿ ಕುಸಿಯುತ್ತದೆ, ಹೊರಬಂದಾಗ ಏಳುತ್ತದೆ. 16 ಪ್ಯಾಲೆಟ್ ಏರಿಸುವಷ್ಟರಲ್ಲಿ ಈ ಏರಿಳಿತ 16 ಸಲ, ಬೆಡ್ಡಿನ ಕಬ್ಬಿಣದ ಅಂಚು ಪ್ರತಿ ಸಲವೂ ರಬ್ಬರನ್ನು ತುರಿಮಣೆಯ ಹಾಗೆ ಹೆರೆಯುತ್ತದೆ. ಡಾಕ್ ಕೆಳಗೆ ನೆಲದ ಮೇಲೆ ಕಪ್ಪು ಪುಡಿ ಬಿದ್ದಿದ್ದರೆ ಅದು ಟೈರಿನದ್ದಲ್ಲ, ಬಂಪರಿನದ್ದು.

ಹಮಾಲಿಗಳು ಕೈಯಲ್ಲೇ ಚೀಲ, ಬಾಕ್ಸ್ ಇಳಿಸುವ ಬಾಗಿಲಿಗೆ ಮೋಲ್ಡೆಡ್, ಅಂದರೆ ಅಚ್ಚಿನಲ್ಲಿ ಮಾಡಿದ ರಬ್ಬರ್ ಬಂಪರ್ ಧಾರಾಳ ಸಾಕು. ದಿನವಿಡೀ ಫೋರ್ಕ್‌ಲಿಫ್ಟ್ ಓಡುವ ಬಾಗಿಲಿಗೆ ಲ್ಯಾಮಿನೇಟೆಡ್ ಬಂಪರ್ ಹೆಚ್ಚು ಬಾಳುತ್ತದೆ. ಹಳೆ ಲಾರಿ ಟೈರುಗಳನ್ನು ಪಟ್ಟಿಗಳಾಗಿ ಕತ್ತರಿಸಿ, ಒತ್ತೊತ್ತಾಗಿ ಜೋಡಿಸಿ, ನಡುವೆ 19 ಮಿ.ಮೀ. ಉಕ್ಕಿನ ಸರಳು ತೂರಿಸಿ, ಎರಡು ತುದಿಗೆ ಆಂಗಲ್ ಇಟ್ಟು ನಟ್ ಬಿಗಿದದ್ದು ಅದು. ಕೊಳ್ಳುವಾಗ ಪಟ್ಟಿಗಳ ಕತ್ತರಿಸಿದ ಅಂಚು ನೋಡಿ: ನೈಲಾನ್ ದಾರ ಕಂಡರೆ ಸರಿ. ಉಕ್ಕಿನ ತಂತಿಯ ತುದಿಗಳು ಹೊಳೆಯುತ್ತಿದ್ದರೆ ಅದು ರೇಡಿಯಲ್ ಟೈರಿನದು, ಮಳೆಗೆ ತಂತಿ ತುಕ್ಕು ಹಿಡಿದು ಪಟ್ಟಿ ಬಿರಿಯುತ್ತದೆ, ಹಾದು ಹೋಗುವವರ ಕೈಯನ್ನೂ ಗೀರುತ್ತದೆ. ಏರ್ ಸಸ್ಪೆನ್ಶನ್ ಟ್ರೇಲರ್‌ಗಳೇ ಬರುವಲ್ಲಿ ಮುಂದೆ ಉಕ್ಕಿನ ಪ್ಲೇಟ್ ಇರುವ, ಗಾಡಿಯ ಜೊತೆಗೆ ಮೇಲೆ ಕೆಳಗೆ ಸರಿಯುವ ಬಂಪರಿಗೆ ದುಡ್ಡು ಹಾಕಬಹುದು. ಉಳಿದವರಿಗೆ ಅದು ದುಂದು.

ಮೋಲ್ಡೆಡ್ ಬಂಪರಿನಲ್ಲಿ ಮೋಸ ಹಿಡಿಯಲು ಲ್ಯಾಬ್ ಬೇಡ, ತಕ್ಕಡಿ ಸಾಕು. 500 × 250 × 100 ಅಂದರೆ ಹನ್ನೆರಡೂವರೆ ಲೀಟರ್ ಗಾತ್ರ. ಒಳ್ಳೆ ರಬ್ಬರ್ ಕಾಂಪೌಂಡಿನ ಸಾಂದ್ರತೆ 1.15ರಿಂದ 1.25. ಅಲ್ಲಿಗೆ ತೂಕ ಹದಿನಾಲ್ಕೂವರೆಯಿಂದ ಹದಿನೈದೂವರೆ ಕಿಲೋ, ಬೋಲ್ಟ್ ತೂತುಗಳನ್ನು ಕಳೆದರೆ ಇನ್ನೂ ಚೂರು ಕಡಿಮೆ. 18 ಕಿಲೋ ದಾಟಿದರೆ ರಬ್ಬರಿನ ಬದಲು ಸುಣ್ಣಕಲ್ಲಿನ ಪುಡಿ, ಜೇಡಿ ತುಂಬಿದ್ದಾರೆ. ಒಳಗೆ 6 ಮಿ.ಮೀ. ಉಕ್ಕಿನ ಪ್ಲೇಟ್ ಇರುವ ಮಾದರಿಯಾದರೆ ಅದರ 5 ಕಿಲೋವನ್ನು ಮೊದಲು ಕಳೆಯಿರಿ. ಭಾರವಾದಷ್ಟೂ ಗಟ್ಟಿ ಅಂತ ಮಾರುವವರು ಹೇಳುವುದುಂಟು, ತಲೆದೂಗಬೇಡಿ. ಗಡಸುತನ ಶೋರ್ ಎ ಅಳತೆಯಲ್ಲಿ 65ರಿಂದ 75ರೊಳಗಿರಲಿ. ರಬ್ಬರ್ ಪರೀಕ್ಷೆಯ ಭಾರತೀಯ ಮಾನದಂಡ ಐಎಸ್ 3400 ಪ್ರಕಾರ ಪರೀಕ್ಷೆ ಮಾಡಿದ ವರದಿ ಕೇಳಿ, ಕೈಯಲ್ಲಿ ಹಿಡಿಯುವ ಡ್ಯೂರೋಮೀಟರ್ ಇದ್ದರೆ ನೀವೂ ಐದು ಕಡೆ ಒತ್ತಿ ನೋಡಿ. ಇದಕ್ಕಿಂತ ಮೆತ್ತಗಿದ್ದರೆ ಗಾಡಿಯನ್ನು ವಾಪಸ್ ಪುಟಿಸುತ್ತದೆ, ತೀರಾ ಗಡಸಾದರೆ ಕಟ್ಟೆಗೆ ಗುದ್ದು ದಾಟಿಸುತ್ತದೆ. ಇನ್ನು ನೈಸರ್ಗಿಕ ರಬ್ಬರೋ ಇಪಿಡಿಎಂ ಅನ್ನುವ ಕೃತಕ ರಬ್ಬರೋ ಅನ್ನುವ ಚರ್ಚೆ. ಸುಳ್ಯ, ಪುತ್ತೂರು ಕಡೆಯ ತೋಟದಲ್ಲಿ ಹಾಲಾಗಿ ಇಳಿಯುವ ಆ ನೈಸರ್ಗಿಕ ರಬ್ಬರ್ ಸೀಳು, ಉಜ್ಜಾಟ ತಡೆಯುವುದರಲ್ಲಿ ಮೇಲು, ಬಿಸಿಲಿಗೆ ಸೋಲುತ್ತದೆ. ಇಪಿಡಿಎಂ ಬಿಸಿಲು ತಡೆಯುತ್ತದೆ, ಸೀಳಿಗೆ ಅಷ್ಟು ಗಟ್ಟಿಯಲ್ಲ. ಡಾಕ್ ಬಂಪರಿಗೆ ಕಾರ್ಬನ್ ಬ್ಲ್ಯಾಕ್ ಹಾಕಿದ ನೈಸರ್ಗಿಕ ರಬ್ಬರೇ ನಮ್ಮ ಆಯ್ಕೆ. ಡೀಸೆಲ್, ಎಣ್ಣೆ ತಾಗಿದರೆ ಎರಡೂ ಊದಿಕೊಳ್ಳುತ್ತವೆ.

ಸರಪಳಿಯಲ್ಲಿ ಹಳೆ ಟೈರ್ ನೇತುಹಾಕುವವರಿಗೆ ಎರಡು ಮಾತು. ಟೈರಿನ ಪಕ್ಕೆ ಮೊದಲು ಸುಲಭವಾಗಿ ಮಡಚಿಕೊಂಡು ಆಮೇಲೆ ಒಮ್ಮೆಲೇ ಬಿಗಿಯಾಗುತ್ತದೆ, ತಾಗಿದೆಯೋ ಇಲ್ಲವೋ ಡ್ರೈವರಿಗೆ ತಿಳಿಯುವುದಿಲ್ಲ. ಮಳೆನೀರು ನಿಂತು ಡೆಂಗ್ಯೂ ಸೊಳ್ಳೆಗೆ ಮನೆಯಾಗುವುದು ಬೇರೆ.

ಒಳ್ಳೆ ಬಂಪರನ್ನೂ ಕೆಡಿಸುವುದು ಫಿಟ್ಟಿಂಗ್. ಕಟ್ಟೆಯ ಅಂಚಿನ ಹತ್ತಿರ ಮಾಮೂಲಿ ಎಕ್ಸ್‌ಪಾನ್ಶನ್ ಬೋಲ್ಟ್ ಹಾಕಬಾರದು. ಅದು ಹಿಡಿತ ಪಡೆಯುವುದೇ ತೂತಿನ ಗೋಡೆಯನ್ನು ಹಿಗ್ಗಿಸಿ. ಅಂಚಿನಲ್ಲಿ ಆ ಒತ್ತಡಕ್ಕೆ ಕಾಂಕ್ರೀಟ್ ಮೊದಲೇ ಬಿರುಕು ಬಿಟ್ಟಿರುತ್ತದೆ, ಗಾಡಿ ನೆಪ ಮಾತ್ರ. ತೂತಿಗೆ ಅಂಟು ತುಂಬಿ ರಾಡ್ ಕೂರಿಸುವ ಕೆಮಿಕಲ್ ಆಂಕರೇ ಆಗಬೇಕು. 500ರ ಬಂಪರಿಗೆ ನಾಲ್ಕು ಎಂ16 ರಾಡ್, 18 ಮಿ.ಮೀ. ತೂತು, 125 ಆಳ. ಮೇಲಿನ ಎರಡು ತೂತು ಕಟ್ಟೆಯ ಮೇಲಂಚಿನಿಂದ ಕನಿಷ್ಠ 100 ಮಿ.ಮೀ. ಕೆಳಗಿರಲಿ, ಲೆವೆಲರ್ ಪಿಟ್ಟಿನ ಪಕ್ಕದಂಚಿನಿಂದಲೂ ಅಷ್ಟೇ ದೂರ. ಡ್ರಿಲ್ ಮಾಡುವಾಗ ಕಂಬಿ ಸಿಕ್ಕಿದರೆ ಅದನ್ನು ಕೊಯ್ಯಬೇಡಿ, ತೂತನ್ನೇ ಸರಿಸಿ. ಅದಕ್ಕಾಗಿಯೇ ಹಿಂಬದಿಯ ಪ್ಲೇಟಿಗೆ ಉದ್ದ ತೂತು ಮಾಡಿಸಿಕೊಂಡಿರಬೇಕು. ಮೇಸ್ತ್ರಿಗಳು ಹಾರಿಸುವ ಹಂತ ತೂತು ಸ್ವಚ್ಛ ಮಾಡುವುದು: ತಳದಿಂದ ಊದಿ, ತಂತಿ ಬ್ರಶ್ ತಿರುಗಿಸಿ, ಮತ್ತೆ ಊದಿ, ಪುಡಿ ಬರುವುದು ನಿಲ್ಲುವ ತನಕ. ಬಾಯಲ್ಲಿ ಉಫ್ ಅಂದರೆ ಸಾಲದು, ಕೈಪಂಪು ಬೇಕು. ಪುಡಿ ಉಳಿದರೆ ಕೆಮಿಕಲ್ ಅಂಟುವುದು ಪುಡಿಗೆ, ಕಾಂಕ್ರೀಟಿಗಲ್ಲ. ರಾಡ್ ಆರು ತಿಂಗಳಲ್ಲಿ ನುಣ್ಣಗೆ ಈಚೆ ಬರುತ್ತದೆ, ತುದಿಗೆ ಗಟ್ಟಿಯಾದ ಕೆಮಿಕಲ್ಲು ಮೈದಾ ಬಳಿದ ಹಾಗೆ ಬೂದಿ ಹಚ್ಚಿಕೊಂಡಿರುತ್ತದೆ. ಕಾರ್ಟ್ರಿಜ್ಜಿನಿಂದ ಮೊದಲು ಬರುವ ಎರಡು ಮೂರು ಒತ್ತು ಸರಿಯಾಗಿ ಬೆರೆತಿರುವುದಿಲ್ಲ, ಅದನ್ನು ಹೊರಗೆ ಚೆಲ್ಲಿ. ಬಣ್ಣ ಒಂದೇ ಸಮ ಆದ ಮೇಲೆ ತೂತಿನ ತಳದಿಂದ ಮೂರನೇ ಎರಡರಷ್ಟು ತುಂಬಿ, ರಾಡನ್ನು ತಿರುಗಿಸುತ್ತಾ ಒಳಗೆ ತಳ್ಳಿ. ಬಾಯಲ್ಲಿ ಚೂರು ಉಕ್ಕಬೇಕು. ಉಕ್ಕದಿದ್ದರೆ ಒಳಗೆ ಪೊಳ್ಳಿದೆ.

ಕಟ್ಟೆಯ ಮುಖ ನುಣುಪಾಗಿರುವುದಿಲ್ಲ. ಬಂಪರಿನ ಹಿಂದೆ ಸಂದು ಉಳಿದರೆ ಪ್ರತಿ ಗುದ್ದಿಗೂ ಪ್ಲೇಟ್ ಬಳುಕಿ ಬೋಲ್ಟ್ ಸಡಿಲವಾಗುತ್ತದೆ. ಕುಗ್ಗದ ಗ್ರೌಟನ್ನು ತೆಳ್ಳಗೆ ಹಚ್ಚಿ ಅದರ ಮೇಲೆ ಕೂರಿಸಿ, ತೂಗುಗುಂಡು ಬಿಟ್ಟು ಎರಡೂ ಬಂಪರಿನ ಮುಖ ಒಂದೇ ಸಾಲಿನಲ್ಲಿದೆಯೇ ನೋಡಿ. ಒಂದು 10 ಮಿ.ಮೀ. ಮುಂದಿದ್ದರೆ ಎಲ್ಲ ಗುದ್ದೂ ಅದಕ್ಕೇ. ನಟ್ ಕೆಳಗೆ 6 ಮಿ.ಮೀ. ದಪ್ಪದ ಅಗಲ ವಾಷರ್ ಕೊಡಿ. ನಟ್ಟು ರಬ್ಬರಿನ ಮುಖದಿಂದ ಕನಿಷ್ಠ 40 ಮಿ.ಮೀ. ಒಳಗಿರಲಿ, ಇಲ್ಲವಾದರೆ ರಬ್ಬರ್ ಸವೆದಂತೆ ಗಾಡಿ ನಟ್ಟಿಗೇ ಗುದ್ದಿ ಆಂಕರನ್ನು ಕಟ್ಟೆಯೊಳಗೆ ಅಲುಗಿಸುತ್ತದೆ.

ಮುಖ್ಯವಾದ ಇನ್ನೊಂದು ತೊಡಕು ನಮ್ಮ ಕಡೆಯ ಹಳೆ ಗೋಡೌನುಗಳದ್ದು. ಮೇಲೆ 150 ಮಿ.ಮೀ. ಸ್ಲ್ಯಾಬ್, ಕೆಳಗೆ ಸೈಜ್ ಕಲ್ಲಿನ ಅಥವಾ ಬ್ಲಾಕಿನ ಗೋಡೆ, ಮುಂದೆ ಗಾರೆ. ಹೊರಗಿನಿಂದ ನೋಡಿದರೆ ಪೂರ್ತಿ ಕಾಂಕ್ರೀಟ್. 500ರ ಬಂಪರಿನ ಮೇಲಿನ ಎರಡು ಬೋಲ್ಟ್ ಸ್ಲ್ಯಾಬ್ ಹಿಡಿಯುತ್ತವೆ, ಕೆಳಗಿನವು ಬ್ಲಾಕಿನಲ್ಲಿ ಪುಡಿಯಾಗುತ್ತವೆ. ಪರೀಕ್ಷೆಗೆ ಒಂದು 8 ಮಿ.ಮೀ. ತೂತು ಕೊರೆದು ಪುಡಿಯ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಗೋಡೆಯನ್ನು ನಂಬುವುದು ಬೇಡ. ಯಾರ್ಡಿನ ನೆಲದಲ್ಲಿ ಪಾಯ ತೆಗೆದು, ಕಟ್ಟೆಗೆ ಒರಗಿದಂತೆ 200ರ ಚಾನೆಲ್ ಕಂಬ ನಿಲ್ಲಿಸಿ ಸುತ್ತ ಕಾಂಕ್ರೀಟ್ ಹಾಕಿ ಅದಕ್ಕೆ ಬಂಪರ್ ಬಿಗಿಯಬೇಕು. ಕಂಬ ಎಷ್ಟು ಮುಂದೆ ಬಂತೋ ಅಷ್ಟನ್ನು ಲಿಪ್ ಲೆಕ್ಕದಲ್ಲಿ ಸೇರಿಸುವುದನ್ನು ಮರೆಯಬೇಡಿ. ಹೊಸದಾಗಿ ಕಟ್ಟುತ್ತಿರುವವರು ಪುಣ್ಯವಂತರು: ಕಾಂಕ್ರೀಟ್ ಹಾಕುವಾಗಲೇ 12 ಮಿ.ಮೀ. ಪ್ಲೇಟಿಗೆ ಕಂಬಿ ಬೆಸೆದು ಹುದುಗಿಸಿಟ್ಟರೆ ಮುಂದೆ ಬಂಪರಿನ ಆಂಗಲನ್ನು ವೆಲ್ಡ್ ಮಾಡಿದರಾಯಿತು. ಒಂದೇ ಓಟದಲ್ಲಿ ವೆಲ್ಡ್ ಎಳೆದರೆ ಹಿಂದಿನ ರಬ್ಬರ್ ಸುಡುತ್ತದೆ. 75 ಮಿ.ಮೀ. ತುಂಡು ತುಂಡಾಗಿ, ನಡುವೆ ಆರಲು ಬಿಟ್ಟು ಮಾಡಿಸಿ.

ಬಂಪರ್ ಕಿತ್ತು ಬರುವುದು ಗುದ್ದಿಗಲ್ಲ, ಬಹುತೇಕ ಮೇಲಕ್ಕೆತ್ತುವ ಬಲಕ್ಕೆ. ಲೋಡ್ ಗಾಡಿ ಬಂಪರಿನ ಕೆಳತುದಿಗಿಂತ ಕೆಳಗೆ ಬಂದು ಒತ್ತಿ ನಿಲ್ಲುತ್ತದೆ, ಖಾಲಿಯಾಗುತ್ತಾ ಪಟ್ಟಿ ಮೇಲೆದ್ದಂತೆ ಬೆಡ್ಡಿನ ತುಟಿ ಬಂಪರಿನ ಅಡಿಗೆ ಸಿಕ್ಕಿ ಜಾಕ್ ಹಾಕಿದ ಹಾಗೆ ಮೇಲಕ್ಕೆತ್ತುತ್ತದೆ. ಕೆಳಗಿನ ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಇದೇ ಕಾರಣ, ಪರಿಹಾರ ಉದ್ದದ ಬಂಪರ್, ದಪ್ಪ ಬೋಲ್ಟ್ ಅಲ್ಲ.

ಡ್ರೈವರಿಗೆ ಹಿಂದೆ ಕಾಣುವುದಿಲ್ಲ, ಕ್ಲೀನರನ ದನಿಯೇ ಕಣ್ಣು. ‘ಬರ್ಲಿ, ಬರ್ಲಿ, ಬರ್ಲಿ’ ಅನ್ನುತ್ತಾ ಬಾಡಿ ತಟ್ಟುತ್ತಿದ್ದವನು ‘ಹೋಲ್ಡಾನ್’ ಅನ್ನುವುದು ಬಂಪರ್ ತಾಗಿದ ಮೇಲೆ. ಅದನ್ನು ಅರ್ಧ ಮೀಟರ್ ಮೊದಲು ಹೇಳಿಸಿ, ಅಲ್ಲಿಂದ ಕ್ಲಚ್ಚಿನಲ್ಲಿ ತೆವಳಿಸಿದರೆ ಮೇಲಿನ ಲೆಕ್ಕದ ನಾಲ್ಕು ಪಟ್ಟು ಒಂದು ಪಟ್ಟಾಗುತ್ತದೆ. ನೆಲದಲ್ಲಿ ಚಕ್ರ ತಡೆಯುವ ದಿಮ್ಮಿ ಕೂರಿಸುವ ಉಪಾಯ ಬೇರೆಬೇರೆ ಗಾಡಿ ಬರುವ ಕಡೆ ನಡೆಯುವುದಿಲ್ಲ, ಹಿಂದಿನ ಚಕ್ರದಿಂದ ಬೆಡ್ ತುದಿಗೆ ಇರುವ ದೂರ ಗಾಡಿಗೊಂದು ಥರ. ಬದಲಿಗೆ ಓರೆಯಾಗಿ ಬರದ ಹಾಗೆ ಎಡಬಲಕ್ಕೆ ಹಳದಿ ಬಳಿದ ಪೈಪ್ ಗೈಡ್ ಹಾಕಿಸಿ. ಗಾಡಿ ನಿಂತ ಮೇಲೆ ಚಕ್ರಕ್ಕೆ ಗುಟ್ಟ ಕೊಡುವುದು ಕಡ್ಡಾಯ, ಅದುಮಿದ ರಬ್ಬರ್ ಗಾಡಿಯನ್ನು ಮುಂದಕ್ಕೆ ನೂಕುತ್ತಲೇ ಇರುತ್ತದೆ.

ತಿಂಗಳಿಗೊಮ್ಮೆ ಸ್ಕೇಲ್ ಹಿಡಿದು ಚಾಚು ಅಳೆಯಿರಿ. 100ರದ್ದು 75ಕ್ಕೆ ಬಂದರೆ ಬದಲಿಸುವ ಹೊತ್ತು. ಬೋಲ್ಟ್ ತೂತಿನಿಂದ ಕೆಳಕ್ಕೆ ತುಕ್ಕಿನ ಗೆರೆ ಇಳಿದಿದ್ದರೆ ಒಳಗೆ ರಾಡ್ ಅಲುಗುತ್ತಿದೆ. ಸುತ್ತಲಿನ ಕಾಂಕ್ರೀಟನ್ನು ಸುತ್ತಿಗೆಯಿಂದ ತಟ್ಟಿ, ‘ಟಣ್’ ಅಂದರೆ ಗಟ್ಟಿ, ‘ಡಬ್’ ಅಂದರೆ ಬಿಟ್ಟುಕೊಂಡಿದೆ. ಬಿಟ್ಟ ಕಡೆ ಗಾರೆ ಮೆತ್ತಿ ಅದರ ಮೇಲೇ ಬಂಪರ್ ಬಿಗಿದರೆ ಮೊದಲ ಟ್ರೇಲರಿಗೇ ಎರಡೂ ಒಟ್ಟಿಗೆ ಕೆಳಗೆ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದಿನ ತನಕ ಕಡಿದು, ಅಂಚನ್ನು ಕಟ್ಟರಿನಲ್ಲಿ ನೇರ ಚೌಕ ಮಾಡಿ, ತುಕ್ಕು ಉಜ್ಜಿ, ಎಪಾಕ್ಸಿ ಬಾಂಡ್ ಹಚ್ಚಿ, ಅದು ಒಣಗುವ ಮುಂಚೆ ಮೈಕ್ರೋ ಕಾಂಕ್ರೀಟ್ ಸುರಿಯಬೇಕು. ಅದರಲ್ಲಿ ಡ್ರಿಲ್ ಮಾಡಲು ಕನಿಷ್ಠ ಒಂದು ವಾರ ಕಾಯಿರಿ, ಆಂಕರ್ ಹಾಕಿದ ಮೇಲೆ ಕೆಮಿಕಲ್ ಪ್ಯಾಕೆಟ್ಟಿನಲ್ಲಿ ಆ ಹೊತ್ತಿನ ಸೆಕೆಗೆ ಎಷ್ಟು ಬರೆದಿದೆಯೋ ಅಷ್ಟು. ಅಲ್ಲಿಯ ತನಕ ಆ ಬಾಗಿಲಿನ ಶಟರಿಗೆ ಬೀಗ ಜಡಿದು ಕೀಲಿ ಸೂಪರ್‌ವೈಸರ್ ಕೈಯಲ್ಲಿರಲಿ. ಬರೀ ಹಗ್ಗ ಕಟ್ಟಿ ಬೋರ್ಡ್ ನೇತುಹಾಕಿದರೆ ರಾತ್ರಿ ಪಾಳಿಯವರು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಗಾಡಿ ಹಚ್ಚಿರುತ್ತಾರೆ.